ಗಂಟಲಲ್ಲಿ ಉಳಿದ ಗೋಲು

ಐತಕ್, ನಿನಗೆ ನಗು ಬರುತ್ತದೆ, ಕೇಳು:
ನನ್ನ ಮಗ ಎಲ್ಶಾನ್, ಹನ್ನೊಂದು ವರ್ಷದವನು,
ವ್ಯಾನಿನ ಹಿಂದಿನ ಸೀಟಿನಲ್ಲಿ
ಬೂಟಿನ ದಾರ ಕಟ್ಟದೆ ಕೂತಿದ್ದಾನೆ.
ಇಳಿಯೋ ಅಂದರೆ ಇಳಿಯುವುದಿಲ್ಲ.
"ಸಾಕರ್ ಹುಡುಗಿಯರ ಆಟ ಅಮ್ಮಾ,
ಕ್ಲಾಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ."
ಗಂಡಸಾದವನು ಹೆಲ್ಮೆಟ್ ಹಾಕಿಕೊಂಡು
ಇನ್ನೊಬ್ಬನ ಮೇಲೆ ಬೀಳಬೇಕಂತೆ.

ಸ್ಟೀರಿಂಗಿಗೆ ಹಣೆ ಹಚ್ಚಿ ನಕ್ಕೆ.
ಹಾರ್ನು ಕೂಗಿಕೊಂಡಿತು,
ಒಹಾಯೋದ ಹೆಬ್ಬಾತುಗಳು ಗಾಬರಿಬಿದ್ದು ಹಾರಿದವು.
ಹುಡುಗಿಯರ ಆಟ!
ಅಂದು ಯಾರಾದರೂ ನಮ್ಮ ಬಾಗಿಲಿಗೆ ಬಂದು ಹೀಗಂದಿದ್ದರೆ
ನಿನ್ನ ಜಡೆ ಉಳಿಯುತ್ತಿತ್ತು.

ನೆನಪಿದೆಯಾ, ಜಡೆಯಿಂದ ಗಡ್ಡ ಮಾಡಿದ ರಾತ್ರಿ?
ಅಡುಗೆಮನೆಯ ಕತ್ತರಿ, ಪುದೀನದ ವಾಸನೆ ಇನ್ನೂ ಅದಕ್ಕೆ.
ಮೊಳಕ್ಕೂ ಮಿಕ್ಕಿದ ಜಡೆ
ಕೊಯ್ದ ಸೊಪ್ಪಿನ ಕಟ್ಟಿನಂತೆ ಮೇಜಿನ ಮೇಲೆ.
ನಾಟಕದವನಿಂದ ತಂದ ಅಂಟು ಕೆನ್ನೆ ಸುಟ್ಟಿತು.
ನೀನು ಕನ್ನಡಿ ನೋಡಿ, "ಥೇಟ್ ಯಾಶಾರ್ ಮಾವ!" ಅಂದೆ.
ನನಗೆ ಮೀಸೆ ಮಾತ್ರ; ಹತ್ತೊಂಬತ್ತಕ್ಕೆ ಅಷ್ಟು ಸಾಕೆಂದು.

ತಬ್ರೀಜಿನ ಆ ಚಳಿ. ಗೇಟಿನ ಪೊಲೀಸ್
ಮುಖ ನೋಡಲಿಲ್ಲ, ಕೈ ನೋಡಿದ.
ಕಾರ್ಪೆಟ್ ನೇಯ್ದ ಕೈ,
ಗಂಡಸಿನದೇ ಇರಬೇಕು ಅಂದುಕೊಂಡನೋ ಏನೋ.
ಒಳಗೆ ಎಷ್ಟು ಹಸಿರು!
ಟಿವಿ ನಮಗೆ ಸುಳ್ಳು ಹೇಳಿತ್ತು.

ಎಪ್ಪತ್ತನೇ ನಿಮಿಷ. ಗೋಲು.
ಸಾವಿರಾರು ಗಂಟಲು ಒಂದೇ ಸಲ ಹರಿದವು.
ನಾವಿಬ್ಬರು ಮಾತ್ರ ಬಾಯಿ ತೆರೆದು, ದನಿಯಿಲ್ಲದೆ,
ದಡಕ್ಕೆ ಬಿದ್ದ ಮೀನಿನ ಹಾಗೆ.
ದನಿಗೆ ಗಡ್ಡ ಅಂಟಿಸುವ ಅಂಟು ಎಲ್ಲಿತ್ತು?

ಕುಣಿದ ರಭಸಕ್ಕೆ ಬೆವೆತು ನಿನ್ನ ಗಡ್ಡ ಅರ್ಧ ಕಳಚಿತು.
ಪಕ್ಕದಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಿದ್ದ ಮುದುಕ
ನೋಡಿದ. ನೋಡಿಯೇಬಿಟ್ಟ.
ಕುತ್ತಿಗೆಯ ಕೆಂಪು ಮಫ್ಲರ್ ಬಿಚ್ಚಿ ಕೊಟ್ಟು,
"ಚಳಿ ಇದೆ ಮಗನೇ, ಮುಖ ಮುಚ್ಚಿಕೋ" ಅಂದ.
ಮತ್ತೆ ಆಟದತ್ತ ತಿರುಗಿದ.

ಇಲ್ಲಿ ಮೈದಾನಕ್ಕೆ ಗೇಟೇ ಇಲ್ಲ, ಐತಕ್.
ಅಪ್ಪಂದಿರು ಮಡಚುವ ಕುರ್ಚಿಯಲ್ಲಿ ಕಾಫಿ ಹಿಡಿದು ತೂಕಡಿಸುತ್ತಾರೆ.
ಕೋಚ್ ಮಿಸ್ ಕೊವಾಲ್ಚಿಕ್, ಮಂಡಿಗೆ ಎರಡು ಆಪರೇಶನ್ ಆದವಳು,
ಸೀಟಿ ಊದಿದರೆ ಗಂಡುಹುಡುಗರೂ ಓಡುತ್ತಾರೆ.
ಜಡೆ ಹಾಕಿದ ಹುಡುಗಿಯರು ಕೆಸರಲ್ಲಿ ಜಾರಿ,
ಮೊಣಕಾಲು ತರಚಿಕೊಂಡು, ಉಗುಳಿ, ಎದ್ದು, ಮತ್ತೆ.
ಯಾರೂ ನೋಡುವುದಿಲ್ಲ.
ನೋಡಬಾರದು ಅಂತಲ್ಲ;
ನೋಡುವಂಥದ್ದು ಏನಿದೆ ಅಂತ.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ,
ಅಲ್ಲಿ ಹೆಂಗಸರ ಟಿಕೆಟ್ಟಿಗೆ ಎಷ್ಟು ಅಂತ.
ನಿಮಗೀಗ ಒಂದು ಮೂಲೆ ಬಿಟ್ಟುಕೊಡುತ್ತಾರಂತೆ, ಕೆಲವು ದಿನ.
ಏನು ಹೇಳಲಿ? ನಾವು ಜಡೆ ಕೊಟ್ಟು ಕೊಂಡದ್ದನ್ನು
ಬಿಟ್ಟಿ ಕೊಟ್ಟರೂ ಬೇಡವೆನ್ನುತ್ತಾನೆ ಒಬ್ಬ ಹುಡುಗ,
ಅದೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ಬೈಯಲಿಲ್ಲ.
ಅವನ ಕ್ಲಾಸಿನ ಬಾಗಿಲಲ್ಲೂ ಒಬ್ಬ ಪೊಲೀಸ್ ನಿಂತಿದ್ದಾನೆ ತಾನೆ;
ಹನ್ನೊಂದಕ್ಕೇ ಗಡ್ಡ ಅಂಟಿಸಿಕೊಂಡು ಒಳಹೋಗಬೇಕು, ಪಾಪ.

ಕೈಹಿಡಿದು ಇಳಿಸಿ, ಗೆರೆಯ ಪಕ್ಕ ನಿಲ್ಲಿಸಿಕೊಂಡೆ.
ಅಷ್ಟರಲ್ಲಿ ಟೀಗನ್ ಅನ್ನುವ ಹುಡುಗಿ, ಹಲ್ಲಿಗೆ ತಂತಿ ಹಾಕಿದವಳು,
ಎಡಗಾಲಲ್ಲಿ ಹೊಡೆದಳು. ಬಲೆ ಉಬ್ಬಿತು.
ಅವಳು ಎದುರು ತಂಡದವಳಂತೆ, ಆಮೇಲೆ ತಿಳಿಯಿತು.
ಇಪ್ಪತ್ತೆರಡು ವರ್ಷ ಗಂಟಲಲ್ಲಿ ಉಳಿದಿದ್ದು
ಆಗಲೇ ಹೊರಗೆ ಬಿದ್ದಾಗಿತ್ತು,
ನಮ್ಮ ಭಾಷೆಯಲ್ಲೇ, ನಮ್ಮ ಬೀದಿಯ ದನಿಯಲ್ಲೇ.
ಯಾರದೋ ಕಾಫಿ ಚೆಲ್ಲಿತು. ಅಪ್ಪಂದಿರು ಎಚ್ಚರಾದರು.
ದೂರದಲ್ಲೊಂದು ನಾಯಿ ಉತ್ತರ ಕೊಟ್ಟಿತು.

ಎಲ್ಶಾನ್ ನಾಚಿ ಕುಗ್ಗಿ
ಜಾಕೆಟ್ಟಿನೊಳಗೆ ತಲೆ ಹುದುಗಿಸಿದ.
ನಾನು ಮಫ್ಲರ್ ಬಿಚ್ಚಿದೆ. ಹೌದು, ಅದೇ,
ವಿಮಾನ ನಿಲ್ದಾಣದಲ್ಲಿ ನೀನು ನನ್ನ ಕೊರಳಿಗೆ ಸುತ್ತಿದ್ದು.
"ಚಳಿ ಇದೆ ಮಗನೇ," ಅಂದೆ,
"ಮುಖ ಮುಚ್ಚಿಕೋ."